ಟೆಕ್ಸಾಸಿನ ನಾಯಿ, ಕ್ಯಾಲಿಫೋರ್ನಿಯಾದ ತೀರ್ಪು

ಬೆಂಗಳೂರಿನ ಜೆ.ಪಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕುಳಿತು ನಾವು ಅಮೆರಿಕದ ವಕೀಲರಿಗೆ ಅವರದೇ ದೇಶದ ಕಾನೂನು ಹುಡುಕಿಕೊಡುತ್ತಿದ್ದೆವು. ಎರಡು ಸಾವಿರದ ಆರೋ ಏಳೋ ಇರಬೇಕು. ಕಿಟಕಿಯಿಂದ ಬನ್ನಿನ ಪರಿಮಳ ಬರುತ್ತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಎ.ಸಿ.ಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿಯೇ ಇಡುತ್ತಿದ್ದರು. ಪರಿಮಳವನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು.

ನಾನು ಜಯನಗರದವಳು, ಕಾನೂನು ಪದವಿ ಮುಗಿಸಿ ಸ್ವಲ್ಪ ಕಾಲವಾಗಿತ್ತು. ಪಕ್ಕದ ಕುರ್ಚಿಯವಳು ಧಾರವಾಡದ ಕಡೆಯ ಹುಡುಗಿ, ನನಗಿಂತ ಚಿಕ್ಕವಳು, ಬಿಟಿಎಂನಲ್ಲಿ ರೂಮು ಹಿಡಿದಿದ್ದಳು. ಅವಳ ಪ್ರೊಬೇಷನ್ ಆ ತಿಂಗಳು ಮುಗಿಯುವುದಿತ್ತು. ಕೆಲಸ ಕಾಯಂ ಆಗದಿದ್ದರೆ ರೂಮು ಬಿಟ್ಟು ಊರಿಗೆ ಬಾ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಕಾಯಂ ಮಾಡುವುದು ನಮ್ಮ ಟೀಮ್ ಲೀಡರ್ ಕೈಯಲ್ಲಿತ್ತು. ಅವರು ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಓಡಾಡಿ ಬಂದವರು. ಒಳ್ಳೆಯ ತೀರ್ಪೊಂದು ಸಿಕ್ಕರೆ ಆ ದಿನವೆಲ್ಲ ಅದರ ಗುಣಗಾನ.

ಆಗ ಬಂದದ್ದು ನಾಯಿಯ ಕೇಸು. ಟೆಕ್ಸಾಸಿನಲ್ಲಿ ನೆರೆಮನೆಯ ನಾಯಿ ಒಬ್ಬ ಹೆಂಗಸನ್ನು ಕಚ್ಚಿತ್ತು. ಆಕೆಯ ಪರ ವಕೀಲರಿಗೆ ನಾವು ಟಿಪ್ಪಣಿ ಸಿದ್ಧಪಡಿಸಬೇಕಿತ್ತು. ಲೀಡರ್ ಕ್ಯಾಲಿಫೋರ್ನಿಯಾದ ಭರ್ಜರಿ ತೀರ್ಪೊಂದನ್ನು ಹುಡುಕಿ ತಂದರು: ನಾಯಿ ಮೊದಲ ಸಲ ಕಚ್ಚಿದರೂ ಸಾಕಿದವನೇ ಹೊಣೆ. ಟಿಪ್ಪಣಿಯ ಶುರುವಿನಲ್ಲೇ ಅದಿರಲಿ ಎಂದರು. ಟಿಪ್ಪಣಿ ಬರೆಯುತ್ತಿದ್ದ ಪಕ್ಕದ ಕುರ್ಚಿಯ ಗೆಳತಿ ಅದನ್ನು ತೆಗೆದುಹಾಕಿದಳು.

ನನಗಂತೂ ಆ ತೀರ್ಪಿನ ಮೇಲೆ ಅನುಮಾನ ಬಂದಿರಲಿಲ್ಲ. ಕಾಲೇಜಿನಲ್ಲಿ ಯಾವ ಕಾಯ್ದೆ ತೆರೆದರೂ ಮೊದಲ ಕಲಂ ಹಾರಿಸುವುದು ನಮ್ಮ ರೂಢಿ. ಇದು ಭಾರತಕ್ಕೆಲ್ಲ ಅನ್ವಯಿಸುತ್ತದೆ, ಹೆಚ್ಚೆಂದರೆ ಜಮ್ಮು ಕಾಶ್ಮೀರ ಬಿಟ್ಟು, ಎಂದಷ್ಟೇ ಅದರಲ್ಲಿ ಇರುತ್ತಿತ್ತು. ಪರೀಕ್ಷೆಗೂ ಬರುತ್ತಿರಲಿಲ್ಲ. ಒಂದು ಕಾನೂನು ಎಲ್ಲಿಗೆ ನಿಲ್ಲುತ್ತದೆ ಎಂದು ಕೇಳದೆಯೇ ವಕೀಲರಾದವರು ನಾವು.

"ಏನಮ್ಮಾ, ಅಂಥ ಜಡ್ಜ್‌ಮೆಂಟ್ ಎತ್ತಿ ಬಿಸಾಕಿದೀಯಲ್ಲ?" ಎಂದರು ಲೀಡರ್.

"ಅದು ಕ್ಯಾಲಿಫೋರ್ನಿಯಾದ್ದು ಐತ್ರಿ ಸರ್."

"ಅದೂ ಅಮೆರಿಕಾನೇ ತಾನೆ? ನಾಯಿ ಹಲ್ಲು ಎಲ್ಲಾ ಕಡೆ ಒಂದೇ ಕಣಮ್ಮಾ."

"ಹಲ್ಲು ಒಂದ ಅದಾವ್ರಿ. ಕಾನೂನು ಬ್ಯಾರೆ ಬ್ಯಾರೆ."

ಆ ತೀರ್ಪು ನಿಂತಿದ್ದು ಕ್ಯಾಲಿಫೋರ್ನಿಯಾದ ಶಾಸನಸಭೆ ಮಾಡಿದ ಕಾಯ್ದೆಯ ಮೇಲೆ; ಟೆಕ್ಸಾಸಿನಲ್ಲಿ ಅಂಥ ಕಾಯ್ದೆಯೇ ಇಲ್ಲ ಎಂದು ಅವಳು ವಿವರಿಸಿದಳು. ಅಲ್ಲಿನ ಕೋರ್ಟುಗಳು ಬೇರೆಯದನ್ನೇ ಕೇಳುತ್ತವೆ: ಈ ನಾಯಿ ಅಪಾಯಕಾರಿ ಎಂದು ಯಜಮಾನನಿಗೆ ಮೊದಲೇ ಗೊತ್ತಿತ್ತೇ?

"ಅಂದ್ರೆ ಟೆಕ್ಸಾಸ್ ನಾಯಿಗೆ ಫಸ್ಟ್ ಕಡಿತ ಫ್ರೀ ಅನ್ನು!" ಎಂದು ಲೀಡರ್ ನಕ್ಕರು. ನಾವೂ ನಕ್ಕೆವು. ಅವಳು ಮಾತ್ರ ನಗಲಿಲ್ಲ.

"ಬ್ರಿಟಿಷರ ಕಾಲದಾಗ ನಮ್ಮ ಮುತ್ತಜ್ಜಿ ಇದ್ದದ್ದು ಮುಂಬೈ ಸರ್ಕಾರದಾಗ್ರಿ, ಆಕಿ ತಂಗಿ ಮೈಸೂರು ಅರಸರ ಕಡೆ. ಇಬ್ಬರ ಗಂಡಂದಿರೂ ತೀರಿಕೊಂಡ್ರು. ಮೈಸೂರಿನಾಕಿಗೆ ಆಸ್ತಿದಾಗ ಪಾಲು ಸಿಕ್ತು, ನಮ್ಮಾಕಿಗೆ ಇಲ್ಲ. ಇಬ್ರೂ ಮಾತಾಡ್ತಿದ್ದದ್ದು ಕನ್ನಡನ, ಆದ್ರ ಹೊಳಿ ದಾಟಿದ್ರ ಕಾನೂನು ಬ್ಯಾರೆ."

ಲೀಡರ್ ನಗು ನಿಲ್ಲಿಸಿದರು. "ಸರಿ. ನಿನ್ನ ಹೆಸರಲ್ಲೇ ಕಳಿಸು. ಎಡವಟ್ಟಾದ್ರೆ ನಿನ್ನ ಕನ್ಫರ್ಮೇಷನ್ ಬಗ್ಗೆ ನನ್ನತ್ರ ಬರ್ಬೇಡ."

ಅವಳು ಕಳಿಸಿಯೇಬಿಟ್ಟಳು. ಟಿಪ್ಪಣಿಯ ಕೊನೆಗೆ ಒಂದು ಸಲಹೆಯನ್ನೂ ಸೇರಿಸಿದ್ದಳು: ಆ ನಾಯಿ ಹಿಂದೆ ಯಾರ ಮೇಲಾದರೂ ಎರಗಿತ್ತೇ ಎಂದು ಅಕ್ಕಪಕ್ಕದ ಮನೆಗಳಲ್ಲಿ ವಿಚಾರಿಸಿ.

ಮುಂದಿನ ವಾರದ ಒಂದು ಸಂಜೆ, ಟೆಕ್ಸಾಸಿನಲ್ಲಿ ಆಗ ಬೆಳಿಗ್ಗೆ, ಆ ವಕೀಲರು ಫೋನ್ ಮಾಡಿದರು. ಲೀಡರ್ ಸ್ಪೀಕರ್ ಹಾಕಿ ನಮ್ಮನ್ನೆಲ್ಲ ಕರೆದರು. ಇದನ್ನು ಬರೆದವರು ಯಾರು ಎಂಬುದೇ ವಕೀಲರ ಮೊದಲ ಪ್ರಶ್ನೆ. ಲೀಡರ್ ಅವಳ ಹೆಸರು ಹೇಳಿದರು. ಹೊಗಳಿಕೆ ಬರಲಿದೆ ಎಂದು ಊಹಿಸಿ ಹೇಳಿದರೋ, ಬೈಗುಳವನ್ನು ಅವಳತ್ತ ತಿರುಗಿಸಲು ಹೇಳಿದರೋ? ಅವರ ಮುಖ ನೆನೆದಾಗಲೆಲ್ಲ ನನಗೆ ಒಂದೊಂದು ಸಲ ಒಂದೊಂದು ಥರ ಕಾಣುತ್ತದೆ. ಯಾವುದನ್ನೂ ನಂಬಲಾರೆ.

ವಕೀಲರು ಅಕ್ಕಪಕ್ಕದಲ್ಲಿ ವಿಚಾರಿಸಿದ್ದರು. ಪೇಪರ್ ಹಾಕುವವನ ಪ್ಯಾಂಟನ್ನು ಅದೇ ನಾಯಿ ಹಿಂದೊಮ್ಮೆ ಹರಿದಿತ್ತಂತೆ; ಯಜಮಾನ ಅವನಿಗೆ ಹೊಸ ಪ್ಯಾಂಟು ಕೊಡಿಸಿದ್ದನಂತೆ. ಅಂದಮೇಲೆ ಗೊತ್ತಿರಲಿಲ್ಲ ಎನ್ನುವುದು ಹೇಗೆ? ಎದುರು ಪಕ್ಷ ರಾಜಿಗೆ ಬಂದಿತ್ತು. ಬೇರೆ ರಾಜ್ಯದ ತೀರ್ಪು ಹಿಡಿದು ಯಾರಾದರೂ ಬಂದಿದ್ದರೆ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದೆ, ಮುಂದಿನ ಕೇಸುಗಳನ್ನೂ ಈಕೆಯೇ ನೋಡಲಿ ಎಂದರು ವಕೀಲರು.

ಫೋನ್ ಇಟ್ಟ ಮೇಲೆ ನಾವು ಹಾಕಿದ ಕೇಕೆಗೆ ಬೇಕರಿಯವರು ಮೆಟ್ಟಿಲು ಹತ್ತಿ ಬಂದು ನೋಡಿದರು. ಇದು ನಡೆದದ್ದು ಖಂಡಿತ. ಲೀಡರ್ ಅವಳ ಮುಂದೆ ಕೈ ಮುಗಿದು, "ತಾಯೀ, ನೀನು ಕನ್ಫರ್ಮ್. ಇನ್ಮೇಲೆ ಯಾವ ಸ್ಟೇಟು ಅಂತ ಮೊದಲು ನಿನ್ನನ್ನೇ ಕೇಳ್ತೀನಿ" ಎಂದರು.

"ಕೇಳ್ರಿ ಸರ್. ಐವತ್ತು ಅದಾವ, ಸಾವಕಾಶ ಕೇಳ್ರಿ."

ಆಮೇಲೆ ಅವಳು ಮೆಟ್ಟಿಲ ಬಳಿ ನಿಂತು ಊರಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಇದ್ದೆ. ಅವಳ ಅಪ್ಪನ ದನಿ ನನಗೂ ಕೇಳಿಸುವಷ್ಟು ದೊಡ್ಡದು.

"ಅಪ್ಪಾ, ಕಾಯಂ ಆತು! ಕೇಸೂ ಗೆದ್ವಿ!"

"ಹೌದ? ಎಂಥಾ ಕೇಸು ಅದು, ಅವ್ವಾ?"

"ನಾಯಿ ಕಚ್ಚಿದ್ದು."

"ಅಮೆರಿಕಾದ ನಾಯಿನ ಏನು?"

"ಹೂಂ ಅಪ್ಪಾ."

"ಹಂಗಾದ್ರ ಇರು, ಅಲ್ಲೇ ಇರು. ರೂಮು ಬಿಡಬ್ಯಾಡ."