ಕಬ್ಬಿಣದ ಟೋಪಿಗೆ ಧೂಪ

ಹರಿಹರ ಬಸ್ ನಿಲ್ದಾಣ, ೧೯೯೯ರ ಜೂನ್. ದಾವಣಗೆರೆ ಬಸ್ಸಿಗೆ ಕಾಯುತ್ತ ಜಪಾನಿನ ಸಮುರಾಯ್ ದೊರೆಯೊಬ್ಬನ ಜೀವನಚರಿತ್ರೆ ಓದುತ್ತಿದ್ದೆ. ಪಕ್ಕದಲ್ಲಿ ಅತ್ತರು ಮಾರುತ್ತಿದ್ದ ಸಾಹೇಬರು ನನ್ನ ಮುಂಗೈಗೆ ಒಂದಿಷ್ಟು ಹಚ್ಚಿ, "ಏನೈತ್ರಿ ಅದ್ರಾಗೆ?" ಎಂದರು.

"ಈ ದೊರೆ ಕೊನೇ ಯುದ್ಧಕ್ಕೆ ಹೊರಡೋ ಮುಂಚೆ ತನ್ನ ಕಬ್ಬಿಣದ ಟೋಪಿಗೆ ಧೂಪದ ಹೊಗೆ ಹಿಡಿಸಿದನಂತೆ. ಸೋತವರ ತಲೆ ಕಡಿದು ಗೆದ್ದವರ ಮುಂದೆ ಇಡೋದು ಅಲ್ಲಿನ ಪದ್ಧತಿ. ತನ್ನ ತಲೆ ನಾರಬಾರದು ಅಂತ!"

ಸುಗಂಧದ ವ್ಯಾಪಾರಿ, ಮೆಚ್ಚಿ ತಲೆದೂಗುತ್ತಾರೆಂದು ನನ್ನ ಹುಚ್ಚು ಎಣಿಕೆ.

ಸಾಹೇಬರು ಸೀಸೆಗೆ ಬಿರಡೆ ಒತ್ತಿದರು. "ನನ್ನ ಮಗ ಮಿಲಿಟ್ರಿಯಾಗೆ ಅದಾನ್ರಿ. ಹೋದ ವಾರ ಗಡಿಗೆ ಹೊಂಟಾಗ ಅವನ ಟೋಪಿಗೆ ನಾನೇ ಅತ್ತರು ಹಚ್ಚಿ ಕಳ್ಸೀನಿ."

ಅವರು ಹತ್ತಿ ತೆಗೆದುಕೊಂಡು ನನ್ನ ಮುಂಗೈಗೆ ಹಚ್ಚಿದ್ದ ಅತ್ತರನ್ನು ಗಸಗಸ ಉಜ್ಜಿ ಒರೆಸತೊಡಗಿದರು.