ಲಾರಿಯ ಹಣೆಯ ಅಕ್ಷರ

ಆ ಬೋರ್ಡನ್ನು ಅಳಿಸಲು ಹೋದದ್ದು ನಿಜವೋ, ಅಳಿಸುತ್ತೇನೆಂದು ಮನೆಯಲ್ಲಿ ಕೂಗಾಡಿದ್ದಷ್ಟೇ ನಿಜವೋ, ಈಗ ಖಾತ್ರಿಯಿಲ್ಲ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಕೈಯಲ್ಲಿದ್ದ ನೆನಪಿದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅಸಹ್ಯಪಟ್ಟದ್ದು ಮಾತ್ರ ನಿಜ. ಅದು ಇನ್ನೂ ಹೋಗಿಲ್ಲ.

ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯಲ್ಲೊಬ್ಬ ಪೇಂಟರ್ ಇದ್ದ. ಅವನಿಗೆ ಬರುತ್ತಿದ್ದದ್ದು ಒಂದೇ ಬಗೆಯ ಅಕ್ಷರ. ಒಂದು ಮೇಲೆ ಜಿಗಿದರೆ ಪಕ್ಕದ್ದು ಕೆಳಗೆ ಕುಕ್ಕರಿಸಿರುತ್ತಿತ್ತು. ಹೊಟ್ಟೆಯಿರುವ ಅಕ್ಷರಕ್ಕೆಲ್ಲ ಎರಡು ಕಣ್ಣು, ಒತ್ತಕ್ಷರಕ್ಕೆ ನಾಯಿಬಾಲ. ಐಸ್‌ಕ್ಯಾಂಡಿ ಗಾಡಿಗೆ ಅದು ಚೆನ್ನ. ಶಿಶುವಿಹಾರದ ಗೋಡೆಗೂ, ಲಾರಿಯ ಹಣೆಗೂ ಸರಿಯೇ. ಆದರೆ ಅವನು ಕ್ರಿಮಿನಾಶಕದ ಅಂಗಡಿಗೂ ಅದನ್ನೇ ಬರೆದ. ‘ವಿಷ’ ಎಂಬ ಪದ ಕಣ್ಣರಳಿಸಿ ನಗುತ್ತಿತ್ತು.

ಕೇರಳಕ್ಕೆ ಈರುಳ್ಳಿ ಲಾರಿ ಹೊಡೆಯುತ್ತಿದ್ದ ನನ್ನ ಸೋದರಮಾವ ಕಾಮಾಲೆಯಿಂದ ತೀರಿಕೊಂಡಾಗ, ಲಾರಿ ನಿಲ್ದಾಣದಲ್ಲಿ ನಿಲ್ಲಿಸಲು ಅತ್ತೆ ಈ ಪೇಂಟರನಿಂದಲೇ ಶ್ರದ್ಧಾಂಜಲಿ ಬೋರ್ಡು ಬರೆಸಿದಳು. ತಿಥಿಯೂಟಕ್ಕೆ ಆ ದಾರಿಯ ಮಲಯಾಳಿ ಡ್ರೈವರುಗಳೂ ಬರಬೇಕೆಂಬುದೊಂದೇ ಅವಳ ಆಸೆ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದ ನಾನು ಬಸ್ಸಿಳಿದೊಡನೆ ಅದನ್ನು ಕಂಡೆ. ಕಾಲಡಿ ಕೊಳೆತ ಈರುಳ್ಳಿಯ ಕರಿನೀರು, ಮೂಗಿಗೆ ಹಸಿ ಪೇಂಟಿನ ಘಾಟು, ಎದುರಿಗೆ ಹುಳುವಿನಂತೆ ಹೊರಳಾಡುವ ಸಾವಿನ ಸುದ್ದಿ. ಮಾವನ ಹೆಸರು ಮೂಲೆಯಲ್ಲಿ ಸಣ್ಣದಾಗಿ. ನಡುವೆ ಮಾವನ ಲಾರಿಯ ಹೆಸರು, ಅದರ ಹಣೆಯ ಮೇಲೆ ಅವನೇ ಬರೆದಿದ್ದಂತೆ, ಕಣ್ಣು ಬಾಲ ಸಮೇತ. ನೇರವಾಗಿ ಪೇಂಟರನ ಬಳಿ ಹೋದೆ.

“ಸತ್ತವರ ಬೋರ್ಡಿಗೆ ಕಣ್ಣು ಯಾಕೆ?” ಎಂದು ಕೇಳಿದೆ.

“ಸತ್ತೋರು ಕಣ್ ಮುಚ್ಕಂಡ್ರು, ಬೋರ್ಡಾದ್ರೂ ಬುಟ್ಕಂಡಿರ್ಲಿ ಬುಡು,” ಎಂದು ಬೀಡಿ ಕಚ್ಚಿಕೊಂಡೇ ನಕ್ಕ. “ನೆಟ್ಟಗೆ ಬರಿಯಕೆ ಇದೇನು ತಾಲ್ಲೂಕ್ ಆಫೀಸಾ?”

ಮನೆಗೆ ಹೋಗಿ ಅತ್ತೆಯ ಮೇಲೆ ರೇಗಿದೆ.

“ಅಳ್ಸಿಗಿಳ್ಸೀಯ, ಉಸಾರು!” ಎಂದಳು. “ಆ ಕಡೇಲಿ ನಿಮ್ಮಾವನ್ ಎಸ್ರು ಯಾರ್ಗೂ ಗೊತ್ತಿಲ್ಲ ಕಣ್ಲಾ. ಲಾರಿ ಎಸ್ರೇ ಅವ್ರ್ ಎಸ್ರು.”

“ಮಲಯಾಳಿಗಳು ಕನ್ನಡ ಓದ್ತಾರಾ?”

“ಓದದ್ಯಾಕ್ಲಾ? ಮೊಕ ನೋಡುದ್ರೆ ಗೊತ್ತಾಗಕಿಲ್ವಾ?”

ಸೀಮೆಎಣ್ಣೆ ಬಟ್ಟೆಯ ನೆನಪು ಇದಾದ ಮೇಲಿನದಿರಬೇಕು. ಹೇಗೂ ಬೋರ್ಡು ಅಳಿಯಲಿಲ್ಲ. ತಿಥಿಯ ದಿನ ರಸ್ತೆಯುದ್ದಕ್ಕೂ ಕೇರಳದ ಲಾರಿಗಳು ನಿಂತವು. ಅತ್ತೆ ನನ್ನತ್ತ ನೋಡಿದಳು. ಚಹಾದಂಗಡಿಯವರು ಯಾರೋ ಹೇಳಿರುತ್ತಾರೆ, ಅಷ್ಟೆ, ಎಂದುಕೊಂಡು ನಾನು ಎಲೆ ಹಾಸುತ್ತ ಹೋದೆ.

ಮುಂದೆ ಚಾಮರಾಜನಗರದಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದೆ. ಅಲ್ಲಿಯೂ ಹಲ್ಲಿನ ಕ್ಲಿನಿಕ್ಕೊಂದರ ಮೇಲೆ ಆ ಅಕ್ಷರ ಹಲ್ಲು ಕಿರಿಯುತ್ತಿತ್ತು. ಅಂದು ಅವರು ಬೋರ್ಡು ನೋಡಿಯೇ ಬಂದಿದ್ದರೇ ಎಂಬ ಅನುಮಾನ ಮಾತ್ರ ಬಿಡಲಿಲ್ಲ. ಒಮ್ಮೆ ಗುಂಡ್ಲುಪೇಟೆಯ ಮಂಡಿಯಲ್ಲಿ, ತಿಥಿಯಂದು ಉಂಡುಹೋಗಿದ್ದ ಮಲಯಾಳಿ ಡ್ರೈವರೊಬ್ಬ ಸಿಕ್ಕ. ಸೀಮೆಸುಣ್ಣದಿಂದ ಮಾವನ ಲಾರಿಯ ಹೆಸರನ್ನು ನೆಲದ ಮೇಲೆ ನೆಟ್ಟಗೆ, ನೀಟಾಗಿ ಬರೆದು ತೋರಿಸಿದೆ. ಅವನು ಇಲ್ಲವೆಂದು ತಲೆಯಾಡಿಸಿದ, ಕನ್ನಡ ಬಾರದು. ಪಕ್ಕದಲ್ಲಿ ಅದನ್ನೇ ಮೇಲೆ ಕೆಳಗೆ ಕುಣಿಸಿ ಬರೆದು, ಹೇಸುತ್ತಲೇ, ಎರಡು ಕಣ್ಣು, ಒಂದು ಬಾಲ ಸೇರಿಸಿದೆ.

ಅವನು ಅದನ್ನು ನೋಡಿದವನೇ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಎದೆಗೊತ್ತಿಕೊಂಡ.