ಮುಳ್ಳುಚೆಂಡೂ ನನ್ನ ಕೆಮ್ಮೂ

ಇಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಪಾತ್ರೆಯಲ್ಲಿ ನೀರು ಕುದಿಸಿ, ತಲೆಯ ಮೇಲೆ ಹಳೆಯ ಟವೆಲ್ ಹೊದ್ದು ಹಬೆ ಹಿಡಿದೆ. ಹುಟ್ಟಿದಂದಿನಿಂದ ಜೊತೆಗಿರುವ ನನ್ನ ಕೆಮ್ಮು ಮೈಮುರಿದು ಏಳುವುದು ಆ ಟವೆಲ್ಲಿನೊಳಗೇ. ಮುಳಬಾಗಿಲಿನ ಕಚೇರಿಗೆ ಹೊರಟಿದ್ದ ನಮ್ಮವರು ಊಟದ ಡಬ್ಬಿ ಎತ್ತಿಕೊಳ್ಳುತ್ತ, “ಅಂಟೋ ಕಾಯಿಲೆ ಅಲ್ಲ ಅಂತ ಬರ್ದಿದಾರಲ್ಲ, ಬಿಡು ಇನ್ನೇನು” ಎಂದರು. ಅವರಿಗೆ ಅಲ್ಲಿಗೆ ಮುಗಿಯಿತು. ಮುಳಬಾಗಿಲಿನ ಬಸ್ಸು ಯಾರ ವಂಶವಾಹಿಗೂ ಕಾಯುವುದಿಲ್ಲ.

ಬರೆದವರು ಬೆಂಗಳೂರಿನ ಆಸ್ಪತ್ರೆಯವರು. ನಿನ್ನೆ ಬಂದ ಅವರ ವರದಿಯ ಪ್ರಕಾರ, ಉಸಿರುನಾಳದ ಒಳಗೋಡೆಯನ್ನು ಸದಾ ಗುಡಿಸುತ್ತಿರಬೇಕಾದ ಲೋಮಾಂಗಗಳೆಂಬ ಅತಿಸೂಕ್ಷ್ಮ ಕೂದಲುಗಳು ನನ್ನಲ್ಲಿ ಸರಿಯಾಗಿ ಬೆಳೆದೇ ಇಲ್ಲ; ಅವನ್ನು ಕಟ್ಟಬೇಕಾದ ಒಂದು ಜೀನು, ಅಂದರೆ ವಂಶವಾಹಿ, ಕೆಟ್ಟಿದೆ. ದಿನಕ್ಕೆರಡು ಬಾರಿ ಮನೆ ಗುಡಿಸುವ ಗೃಹಿಣಿಯ ಒಳಮನೆಗೇ ಪೊರಕೆಯಿಲ್ಲ. ಗರ್ಭದಲ್ಲಿ ಹೃದಯಕ್ಕೆ ಎಡಬಲ ತೋರಿಸುವುದೂ ಇಂಥವೇ ಕೂದಲುಗಳಂತೆ. ದಾರಿ ತೋರಿಸುವವರಿಲ್ಲದ ನನ್ನ ಹೃದಯ ಬಲಕ್ಕೆ ತಿರುಗಿ ಕುಳಿತಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ “ಎದೆ ಮುಟ್ಟಿ ಹೇಳು” ಎಂದಾಗಲೆಲ್ಲ ಎಡಗಡೆ ಮುಟ್ಟಿಕೊಂಡು ನಾನು ಹೇಳಿದ ಸತ್ಯಗಳ ಗತಿ ಏನಾಯಿತೋ.

ಇಂಥ ಜೀನುಗಳ ಕೆಲಸವನ್ನು ವಿಜ್ಞಾನಿಗಳು ಸೀ ಅರ್ಚಿನ್ ಎಂಬ, ಮುಳ್ಳಿನ ಚೆಂಡಿನಂಥ ಕಡಲಜೀವಿಯ ಭ್ರೂಣದಲ್ಲಿ ನೋಡುತ್ತಾರೆಂದು ಆ ಆಸ್ಪತ್ರೆಯ ಯುವ ವೈದ್ಯೆ ಹೇಳಿ ಮೊಬೈಲಿನಲ್ಲಿ ಚಿತ್ರ ತೋರಿಸಿದ್ದರು. ರಾಗಿಕಾಳಿಗಿಂತ ಎಷ್ಟೋ ಸಣ್ಣದಾದ, ಗಾಜಿನ ಗೋಲಿಯಂಥ ಆ ಭ್ರೂಣ ಮೈತುಂಬ ಲೋಮಾಂಗ ಮೂಡಿಸಿಕೊಂಡು, ತನ್ನ ಪೊರೆಯೊಳಗೇ ಗಿರಗಿರನೆ ತಿರುಗಿ, ಆಮೇಲೆ ಹೊರಬಿದ್ದು ಈಜುತ್ತದೆ. ಆ ಜೀನನ್ನು ಸುಮ್ಮನಾಗಿಸಿದರೆ ಕೂದಲು ಸರಿಯಾಗಿ ಮೂಡದೆ, ಒಡಹುಟ್ಟಿದವೆಲ್ಲ ಮೇಲೆ ಈಜಿಹೋದರೂ ತಾನೊಂದೇ ತಳದಲ್ಲಿ ಕುಳಿತಿರುತ್ತದೆ. ಕಡಲನ್ನು ಒಮ್ಮೆಯೂ ಕಾಣದ, ಬೋರ್‌ವೆಲ್ ನೀರಿನ ಈ ಕೋಲಾರದ ಹೆಂಗಸಿಗೆ ತಳದಲ್ಲಿ ಕುಳಿತ ಆ ಗೋಲಿಯ ಮೇಲೆ ಬಂಧುಪ್ರೇಮ ಉಕ್ಕಿದ್ದು ವಿಚಿತ್ರವೇ.

ಕೊರೊನಾ ಬಂದುಹೋದ ಮೇಲೆ ನಾನೂ ಹಾಗೆಯೇ ಕುಳಿತವಳು. ಮಾಲೂರಿನ ಬಸ್ಸಿನಲ್ಲಿ ಒಮ್ಮೆ ಕೆಮ್ಮಿದ್ದಕ್ಕೆ ಸುತ್ತಲಿನ ಮೂರು ಸೀಟು ಖಾಲಿಯಾದವು. ಕಾಲು ಚಾಚಿ ಆರಾಮವಾಗಿ ಬಂದೆನೆಂದು ಮನೆಯಲ್ಲಿ ನಗುತ್ತ ಹೇಳಿದೆ, ಆಮೇಲೆ ಬಸ್ಸು ಹತ್ತಲಿಲ್ಲ. ಅರಿಶಿನ ಕುಂಕುಮಕ್ಕೆ ಕರೆದರೆ ತಲೆನೋವು ಎಂದೆ. ಕ್ರಮೇಣ ಕರೆಯುವುದೂ ನಿಂತಿತು. ಪಕ್ಕದ ಮನೆಯ ಸುಜಾತಾ ಶ್ರೀನಿವಾಸಪುರದ ತವರಿನಲ್ಲಿ ಹೆತ್ತು, ಕೂಸಿನೊಂದಿಗೆ ಬಂದು ತಿಂಗಳಾಯಿತು. ಮಕ್ಕಳಿಲ್ಲದ ನಾನು ಗೋಡೆಯಾಚೆಯ ಆ ಅಳುವಿನಲ್ಲಿ ಹಸಿವಿನದು ಯಾವುದು, ನಿದ್ದೆಯದು ಯಾವುದು ಎಂದು ಬೇರ್ಪಡಿಸಬಲ್ಲೆ. ಅವಳು ಯಾವುದಕ್ಕೆ ತೆಲುಗಿನಲ್ಲಿ ಗದರುತ್ತಾಳೆ, ಯಾವುದಕ್ಕೆ ಜೋಗುಳ ಹಾಡುತ್ತಾಳೆ ಎಂಬುದೂ ಗೊತ್ತು. ಕೂಸಿನ ಮುಖ ಮಾತ್ರ ನೋಡಿಲ್ಲ. ನೀವೇ ಹೇಳಿ, ಕೆಮ್ಮುವವಳ ಕೈಗೆ ಯಾರು ತಾನೆ ಹಸುಗೂಸು ಕೊಟ್ಟಾರು?

ಸಂಜೆ ವರದಿಯನ್ನು ಮಡಿಸಿ ಹಿಡಿದು ಸುಜಾತಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ಬಾಯಿಪಾಠ ಮಾಡಿಕೊಂಡ ಹುಡುಗಿಯಂತೆ ಜೀನು, ಲೋಮಾಂಗ, ಮುಳ್ಳುಚೆಂಡು ಎಲ್ಲವನ್ನೂ ಒಪ್ಪಿಸಿ, ಇದು ಯಾರಿಗೂ ಅಂಟುವುದಿಲ್ಲ ಎಂದೆ. ಎಂದವಳಿಗೆ ಅಲ್ಲೇ ಕೆಮ್ಮು ಬಂತು. ಸೆರಗಿನಿಂದ ಬಾಯಿ ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದೆ. ಕೂಸನ್ನು ತೋಳಲ್ಲಿಟ್ಟುಕೊಂಡಿದ್ದ ಸುಜಾತಾ ಕಾಗದದ ಕಡೆ ನೋಡಲೂ ಇಲ್ಲ.

“ಕೆಮ್ಮಿಗಾ ಬರ್ತಿರ್ಲಿಲ್ಲ? ಕಾನ್ವೆಂಟಲ್ಲಿ ಓದಿರೋರು, ನಮ್ಮಂಥೋರ ಮನೇಗೆಲ್ಲ ಬರಲ್ವೇನೋ ಅಂದ್ಕೊಂಡಿದ್ದೆ ಅಕ್ಕ” ಎಂದು ಕೂಸನ್ನು ನನ್ನ ತೋಳಿಗೆ ದಾಟಿಸಿದಳು. ಒಣಗಿದ ಬಟ್ಟೆ ತರಲು ತಾರಸಿಯ ಮೆಟ್ಟಿಲು ಹತ್ತುತ್ತ, ತಿರುಗಿಯೂ ನೋಡದೆ, “ಕತ್ತಿನ ಕೆಳಗೆ ಕೈ ಇಡಿ, ಅಷ್ಟೆ” ಎಂದಳು.